ರಾಬರ್ಟ್ ಬ್ರೂಸ್ ಫೂಟ್

ರಾಬರ್ಟ್ ಬ್ರೂಸ್ ಫೂಟ್ (22 ಸೆಪ್ಟೆಂಬರ್ 1834 – 29 ಡಿಸೆಂಬರ್ 1912) ಬ್ರಿಟಿಷ್ ಭೂವಿಜ್ಞಾನಿ ಹಾಗೂ ಪುರಾತತ್ತ್ವ ಶೋಧಕರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಸೇವೆ ಸಲ್ಲಿಸಿದ ಇವರು 1863ರಲ್ಲಿ ಮದರಾಸಿನ ಸಮೀಪದ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಉಪಕರಣವನ್ನು ಗುರುತಿಸಿದರು. ಈ ಕಾರಣದಿಂದ ಅವರನ್ನು ಭಾರತೀಯ ಪ್ರಾಗಿತಿಹಾಸ ಅಧ್ಯಯನದ ಪಿತಾಮಹ ಎಂದು ಕರೆಯಲಾಗುತ್ತದೆ. ಕರ್ನಾಟಕದ ಭೂವಿಜ್ಞಾನದಲ್ಲಿ ಇಂದಿಗೂ ಬಳಕೆಯಲ್ಲಿರುವ 'ಧಾರವಾಡ' ಮತ್ತು 'ಕಲಾದಗಿ' ಎಂಬ ಶಿಲಾವರ್ಗಗಳ ಹೆಸರುಗಳು ಇವರ ಬರಹಗಳಿಂದ ನೆಲೆಗೊಂಡವು. ಬೆಳಗಾವಿ ಜಿಲ್ಲೆಯ ಗೋಕಾಕದ ಬಳಿ ದೊರೆತ ಅಳಿದುಹೋದ ಖಡ್ಗಮೃಗದ ಪಳೆಯುಳಿಕೆಯನ್ನು ವಿವರಿಸಿದವರೂ ಇವರೇ. 1894ರಲ್ಲಿ ಸ್ಥಾಪನೆಯಾದ ಮೈಸೂರು ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥರಾಗಿದ್ದರು.

ಆರಂಭಿಕ ಜೀವನ

ಫೂಟ್ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಚೆಲ್ಟನ್‌ಹ್ಯಾಮ್‌ನಲ್ಲಿ ಜನಿಸಿದರು. 1858ರಲ್ಲಿ, ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯನ್ನು ಸೇರಿದರು. ಆಗ ಆ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಥಾಮಸ್ ಓಲ್ಡ್‌ಹ್ಯಾಮ್. ಕಲ್ಲಿದ್ದಲಿನ ಶೋಧವೇ ಸಂಸ್ಥೆಯ ಹುಟ್ಟಿಗೆ ಮುಖ್ಯ ಕಾರಣವಾಗಿತ್ತು. ಆದರೆ ಓಲ್ಡ್‌ಹ್ಯಾಮ್ ದೇಶದ ಉದ್ದಗಲದ ಶಿಲೆಗಳನ್ನು ಕ್ರಮವಾಗಿ ನಕ್ಷೆಗಿಳಿಸುವ ಯೋಜನೆಯನ್ನು ಹಾಕಿಕೊಂಡಿದ್ದರು. ಫೂಟ್ ಅವರನ್ನು ಮದರಾಸು ಪ್ರಾಂತ್ಯದ ತಂಡಕ್ಕೆ ನಿಯೋಜಿಸಲಾಯಿತು. ಅಲ್ಲಿ ಅವರ ಸಹೋದ್ಯೋಗಿಯಾಗಿದ್ದವರಲ್ಲಿ ವಿಲಿಯಂ ಕಿಂಗ್ ಮುಖ್ಯರು. ಇಬ್ಬರೂ ಸೇರಿ ಸೇಲಂ, ತಿರುಚಿರಾಪಳ್ಳಿ, ತಂಜಾವೂರು ಮತ್ತು ದಕ್ಷಿಣ ಆರ್ಕಾಟ್ ಜಿಲ್ಲೆಗಳ ಭೂರಚನೆಯ ಕುರಿತು ಬರೆದ ವರದಿ 1864ರಲ್ಲಿ ಪ್ರಕಟವಾಯಿತು.

ಫೂಟ್ ಅವರ ಮೊದಲ ಪತ್ನಿ ಎಲಿಜಬೆತ್ ಆನ್, ತಮಿಳು ವಿದ್ವಾಂಸರೂ ಧರ್ಮಪ್ರಚಾರಕರೂ ಆಗಿದ್ದ ಪೀಟರ್ ಪರ್ಸಿವಲ್ ಅವರ ಪುತ್ರಿ. ಆಕೆ 1870ರಲ್ಲಿ ನಿಧನರಾದರು. ಅನಂತರ ಫೂಟ್ ಎರಡನೆಯ ವಿವಾಹವಾದರು. ಸೇನಾಧಿಕಾರಿಯಾಗಿದ್ದ ಮಗ ಹೆನ್ರಿ ಬ್ರೂಸ್ ಫೂಟ್ ಮುಂದೆ ಕರ್ನೂಲಿನ ಗುಹೆಗಳ ಉತ್ಖನನದಲ್ಲಿ ತಂದೆಗೆ ನೆರವಾದರು.

ಪಲ್ಲಾವರಂ ಮತ್ತು ಅತ್ತಿರಂಪಾಕ್ಕಂ

1863ರ ಮೇ 30ರಂದು ಫೂಟ್ ಮದರಾಸಿನ ದಕ್ಷಿಣಕ್ಕಿರುವ ಪಲ್ಲಾವರಂನಲ್ಲಿ, ಸೇನೆಯ ಕವಾಯತು ಮೈದಾನದ ಬಳಿ ಜಲ್ಲಿಗಾಗಿ ತೋಡಿದ ಗುಂಡಿಯ ಮಣ್ಣಿನಲ್ಲಿ ಮನುಷ್ಯನ ಕೈಯಿಂದ ಒಡೆದು ರೂಪಿಸಿದ ಕ್ವಾರ್ಟ್ಸೈಟ್ ಕಲ್ಲೊಂದನ್ನು ಕಂಡರು. ಅದೇ ವರ್ಷ ಸೆಪ್ಟೆಂಬರ್ ತಿಂಗಳಲ್ಲಿ ಕಿಂಗ್ ಅವರೊಡನೆ ಕೊರ್ತಲಯಾರ್ ನದೀಕಣಿವೆಯ ಅತ್ತಿರಂಪಾಕ್ಕಂನಲ್ಲಿ ಇಂತಹ ಉಪಕರಣಗಳನ್ನು ಹೆಚ್ಚಿನ ಸಂಖ್ಯೆಯಲ್ಲಿ ಸಂಗ್ರಹಿಸಿದರು.

ಈ ಶೋಧದ ಮಹತ್ವವು ಆ ಕಾಲದ ಚರ್ಚೆಗಳ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ. ಫ್ರಾನ್ಸಿನ ಸೋಮ್ ನದೀಕಣಿವೆಯಲ್ಲಿ ಅಳಿದ ಪ್ರಾಣಿಗಳ ಎಲುಬುಗಳೊಂದಿಗೆ ದೊರೆತ ಕಲ್ಲಿನ ಉಪಕರಣಗಳನ್ನು ಇಂಗ್ಲೆಂಡಿನ ವಿದ್ವಾಂಸರು ಪರಿಶೀಲಿಸಿ ಒಪ್ಪಿಕೊಂಡದ್ದು 1859ರಲ್ಲಿ. ಮನುಷ್ಯನ ಪ್ರಾಚೀನತೆ ಯುರೋಪಿನಲ್ಲೇ ಹೊಸದಾಗಿ ಅಂಗೀಕಾರವಾಗುತ್ತಿದ್ದ ಆ ಹೊತ್ತಿನಲ್ಲಿ, ನಾಲ್ಕೇ ವರ್ಷಗಳ ಅಂತರದಲ್ಲಿ, ದಕ್ಷಿಣ ಭಾರತದಲ್ಲೂ ಅದಕ್ಕೆ ಸಾಕ್ಷ್ಯ ದೊರೆಯಿತು. ಫೂಟ್ ತಮ್ಮ ಶೋಧಗಳ ವಿವರವನ್ನು 1866ರಲ್ಲಿ ಪ್ರಕಟಿಸಿದರು. 1868ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಪ್ರಾಗಿತಿಹಾಸ ಸಮ್ಮೇಳನದಲ್ಲಿ ಅವನ್ನು ಮಂಡಿಸಿದರು. ಅತ್ತಿರಂಪಾಕ್ಕಂ ನೆಲೆಯಲ್ಲಿ ಈಚೆಗೆ ನಡೆದ ಉತ್ಖನನಗಳು ಅಲ್ಲಿನ ಅತ್ಯಂತ ಹಳೆಯ ಉಪಕರಣಗಳು ಸುಮಾರು 15 ಲಕ್ಷ ವರ್ಷಗಳಷ್ಟು ಹಿಂದಿನವು ಎಂದು ತೋರಿಸಿವೆ. ಇದು 2011ರಲ್ಲಿ ಪ್ರಕಟವಾದ ಕಾಲನಿರ್ಣಯ.

ದಕ್ಷಿಣ ಮರಾಠಾ ಪ್ರದೇಶದ ಸರ್ವೇಕ್ಷಣೆ

1860ರ ದಶಕದ ಕೊನೆಯಿಂದ 1870ರ ದಶಕದ ಮಧ್ಯದವರೆಗೆ ಫೂಟ್ ಅವರ ಕಾರ್ಯಕ್ಷೇತ್ರ ಮುಖ್ಯವಾಗಿ ಆಗ 'ದಕ್ಷಿಣ ಮರಾಠಾ ದೇಶ' ಎಂದು ಕರೆಯಲಾಗುತ್ತಿದ್ದ ಪ್ರದೇಶವಾಗಿತ್ತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಬೆಳಗಾವಿ, ಧಾರವಾಡ ಮತ್ತು ಕಲಾದಗಿ ಜಿಲ್ಲೆಗಳೊಂದಿಗೆ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಕೊಲ್ಹಾಪುರ ಮೊದಲಾದ ಸಂಸ್ಥಾನಗಳ ಭೂಭಾಗವೂ ಇದರಲ್ಲಿ ಬೆರೆತಿತ್ತು. ಹೆಸರು ಮರಾಠಾ ದೇಶವೆಂದಿದ್ದರೂ ಜನರ ನುಡಿ ಬಹುಪಾಲು ಕನ್ನಡವಾಗಿತ್ತು. ಇವರಿಗಿಂತ ಮೊದಲು ಟರ್ನ್‌ಬುಲ್ ಕ್ರಿಸ್ಟಿ ಮತ್ತು ನ್ಯೂಬೋಲ್ಡ್ ಈ ಭಾಗದ ಶಿಲೆಗಳ ಬಗೆಗೆ ಬರೆದಿದ್ದರು. ಆದರೆ ಪ್ರದೇಶವನ್ನು ಸಮಗ್ರವಾಗಿ ನೋಡಿ ವಿವರಿಸಿದ ಮೊದಲ ಗ್ರಂಥ 1876ರಲ್ಲಿ ಸಂಸ್ಥೆಯ ಸ್ಮರಣ ಸಂಪುಟಗಳ ಹನ್ನೆರಡನೆಯದಾಗಿ ಹೊರಬಂದ ಫೂಟ್ ಅವರ ವರದಿಯೇ.

ಈ ಪ್ರದೇಶದ ಶಿಲೆಗಳನ್ನು ಅವರು ಸ್ಥೂಲವಾಗಿ ಮೂರು ಸ್ತರಗಳಲ್ಲಿ ಕಂಡರು. ಅತ್ಯಂತ ಕೆಳಗೆ ಗ್ರಾನೈಟ್, ನೈಸ್ ಮತ್ತು ಪದರುಶಿಲೆಗಳ ಹಳೆಯ ತಳಹದಿ. ಅದರ ಮೇಲೆ ಮರಳುಗಲ್ಲು, ಕ್ವಾರ್ಟ್ಸೈಟ್, ಜೇಡಿಶಿಲೆ ಹಾಗೂ ಸುಣ್ಣಕಲ್ಲುಗಳ ಸಮೂಹ. ಎಲ್ಲಕ್ಕೂ ಮೇಲೆ ಲಾವಾ ಹರಿದು ಗಟ್ಟಿಯಾದ ದಖನ್ ಬಸಾಲ್ಟ್. ನಡುವಿನ ಸಮೂಹಕ್ಕೆ ಅವರು ಆಗಿನ ಜಿಲ್ಲಾ ಕೇಂದ್ರವಾಗಿದ್ದ ಕಲಾದಗಿಯ ಹೆಸರನ್ನು ಕೊಟ್ಟರು. ಬಾದಾಮಿಯ ಕೆಂಪು ಬಂಡೆಗಳು, ಗೋಕಾಕದ ಜಲಪಾತದ ಗೋಡೆ, ಬಾಗಲಕೋಟೆಯ ಸುತ್ತಲಿನ ಸುಣ್ಣಕಲ್ಲು ಇವೆಲ್ಲವೂ ಈ ಸಮೂಹದೊಳಗೆ ಬರುತ್ತವೆ.

ಘಟಪ್ರಭಾ ನದಿಯ ಹರಿವು ಈ ರಚನೆಯನ್ನು ಚೆನ್ನಾಗಿ ತೋರಿಸುತ್ತದೆ. ಸಹ್ಯಾದ್ರಿಯಲ್ಲಿ ಹುಟ್ಟುವ ನದಿ ಮೇಲ್ಭಾಗದಲ್ಲಿ ಬಸಾಲ್ಟ್ ನೆಲದ ಮೇಲೆ ಹರಿದು, ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲನ್ನು ದಾಟಿ, ಗೋಕಾಕದ ಬಳಿ ಕ್ವಾರ್ಟ್ಸೈಟ್ ಬಂಡೆಯ ಅಂಚಿನಿಂದ ಸುಮಾರು 52 ಮೀಟರ್ ಆಳಕ್ಕೆ ಧುಮುಕುತ್ತದೆ. ಅಲ್ಲಿಂದ ಮುಂದೆ ಮೂಡಲಗಿ ಭಾಗದ ಬಯಲುಗಳತ್ತ ಸಾಗುತ್ತದೆ. ನದಿಯು ಗಟ್ಟಿಬಂಡೆಯ ಬೆಟ್ಟಸಾಲನ್ನು ಕೊರೆದು ಹೊರಬರುವ ಇಂತಹ ಇಕ್ಕಟ್ಟಿನ ಸ್ಥಳಗಳು ಮುಂದೆ ಅಣೆಕಟ್ಟೆ ಹಾಗೂ ಜಲಶಕ್ತಿಯ ಯೋಜನೆಗಳಿಗೆ ಆಧಾರವಾದವು. 1880ರ ದಶಕದಲ್ಲಿ ಗೋಕಾಕ ಜಲಪಾತದ ನೀರಿನ ಬಲದಿಂದ ನಡೆಯುವ ಹತ್ತಿಯ ಗಿರಣಿ ಆರಂಭವಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಹಿಡಕಲ್ಲಿನಲ್ಲಿ ರಾಜಾ ಲಖಮಗೌಡ ಜಲಾಶಯ ನಿರ್ಮಾಣವಾಯಿತು.

ಗೋಕಾಕದ ಖಡ್ಗಮೃಗ

ಫೂಟ್ ಅವರ ಬೆಳಗಾವಿ ಜಿಲ್ಲೆಯ ಕೆಲಸದಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಗೋಕಾಕದ ಸಮೀಪ, ಇಂಗ್ಲಿಷ್ ಬರಹಗಳಲ್ಲಿ ಚಿಕ್‌ದೌಲಿ ಎಂದು ಕಾಣಿಸುವ ಹಳ್ಳಿಯ ಬಳಿ ದೊರೆತ ಪಳೆಯುಳಿಕೆ. ನದೀಬಯಲಿನ ಹಳೆಯ ಮೆಕ್ಕಲು ನಿಕ್ಷೇಪದಲ್ಲಿ ಹುದುಗಿದ್ದ ದವಡೆಯ ಭಾಗಗಳನ್ನೂ ಹಲ್ಲುಗಳನ್ನೂ ಪರಿಶೀಲಿಸಿದ ಅವರು, ಅವು ಖಡ್ಗಮೃಗದವೆಂದೂ ಅದುವರೆಗೆ ತಿಳಿದಿದ್ದ ಯಾವ ಪ್ರಭೇದಕ್ಕೂ ಸೇರದವೆಂದೂ ನಿರ್ಣಯಿಸಿದರು. ದಖನ್‌ನ ಹೆಸರನ್ನು ಸೇರಿಸಿ 'ರೈನೋಸೆರಸ್ ಡೆಕ್ಕನೆನ್ಸಿಸ್' ಎಂದು ಹೆಸರಿಟ್ಟರು. ಈ ವಿವರಣೆ 1874ರಲ್ಲಿ ಸಂಸ್ಥೆಯ ಪಳೆಯುಳಿಕೆ ಗ್ರಂಥಮಾಲೆಯಲ್ಲಿ ಪ್ರಕಟವಾಯಿತು.

ಇಂದು ಕರ್ನಾಟಕದ ಯಾವ ಕಾಡಿನಲ್ಲಿಯೂ ಖಡ್ಗಮೃಗವಿಲ್ಲ. ಒಂದು ಕೊಂಬಿನ ಖಡ್ಗಮೃಗ ಅಸ್ಸಾಂ, ಉತ್ತರ ಬಂಗಾಳ ಹಾಗೂ ಹಿಮಾಲಯದ ತಪ್ಪಲಿನ ಹುಲ್ಲುಗಾವಲುಗಳಿಗೆ ಸೀಮಿತವಾಗಿದೆ. ಈಗ ಮಳೆಯ ಕೊರತೆಗೆ ಹೆಸರಾದ ಪೂರ್ವ ಬೆಳಗಾವಿಯ ಬಯಲಿನಲ್ಲಿ ಒಮ್ಮೆ ಅಂತಹ ಪ್ರಾಣಿ ಬದುಕಿತ್ತೆಂಬುದು ಅಲ್ಲಿನ ಪ್ರಾಚೀನ ಪರಿಸರ ಬೇರೆಯೇ ಆಗಿತ್ತೆಂಬುದಕ್ಕೆ ಸಾಕ್ಷ್ಯವಾಯಿತು.

ಇದೇ ಸರ್ವೇಕ್ಷಣೆಯ ಅವಧಿಯಲ್ಲಿ ಅವರು ಮಲಪ್ರಭಾ ಮತ್ತು ಬೆಣ್ಣೆಹಳ್ಳಗಳ ಕಣಿವೆಗಳಲ್ಲಿ ಹಳೆಯ ಶಿಲಾಯುಗದ ಉಪಕರಣಗಳನ್ನು ಗುರುತಿಸಿದರು. ಬಾದಾಮಿ ತಾಲ್ಲೂಕಿನ ಖ್ಯಾಡ ಮತ್ತು ರೋಣ ತಾಲ್ಲೂಕಿನ ಮೆಣಸಗಿ ಇವುಗಳಲ್ಲಿ ಮುಖ್ಯವಾದವು. ಕಲಾದಗಿ ಸಮೂಹದ ಕ್ವಾರ್ಟ್ಸೈಟ್ ಗುಂಡುಕಲ್ಲುಗಳೇ ಆ ಉಪಕರಣಗಳಿಗೆ ಕಚ್ಚಾವಸ್ತುವಾಗಿದ್ದವು. ಇಪ್ಪತ್ತನೆಯ ಶತಮಾನದಲ್ಲಿ ಆರ್. ವಿ. ಜೋಶಿ ಮಲಪ್ರಭೆಯ ಕಣಿವೆಯಲ್ಲೂ ಆರ್. ಎಸ್. ಪಪ್ಪು ಘಟಪ್ರಭೆ ಸೇರಿದಂತೆ ಮೇಲಣ ಕೃಷ್ಣಾ ಕೊಳ್ಳದಲ್ಲೂ ನಡೆಸಿದ ಅಧ್ಯಯನಗಳು ಫೂಟ್ ಹಾಕಿಕೊಟ್ಟ ದಾರಿಯಲ್ಲೇ ಮುಂದುವರಿದವು.

ಚಿನ್ನದ ಶೋಧ

ಧಾರವಾಡ ಜಿಲ್ಲೆಯ ಡಂಬಳ ಪ್ರದೇಶದ ಬೆಟ್ಟಗಳು, ಅಂದರೆ ಇಂದಿನ ಗದಗ ಜಿಲ್ಲೆಯ ಕಪ್ಪತಗುಡ್ಡ, ಚಿನ್ನಕ್ಕೆ ಹಿಂದಿನಿಂದಲೂ ಹೆಸರಾಗಿದ್ದವು. ಮಳೆಗಾಲದ ನಂತರ ಸೊರಟೂರು ಮೊದಲಾದ ಊರುಗಳ ಹಳ್ಳಗಳಲ್ಲಿ ಜಾಲಗಾರರು ಮರಳನ್ನು ಮರಿಗೆಯಲ್ಲಿ ತೊಳೆದು ಚಿನ್ನದ ಕಣಗಳನ್ನು ಬೇರ್ಪಡಿಸುತ್ತಿದ್ದರು. ಫೂಟ್ ಈ ಹಳ್ಳಗಳನ್ನೂ ಅವುಗಳ ಮೇಲಿನ ಬೆಣಚುಕಲ್ಲಿನ ಸಿರಗಳನ್ನೂ ಪರೀಕ್ಷಿಸಿ 1874ರಲ್ಲಿ ವರದಿ ಪ್ರಕಟಿಸಿದರು. ಚಿನ್ನವಿರುವುದು ನಿಜ, ಆದರೆ ಹಳ್ಳದ ಮರಳಿನಲ್ಲಿ ದೊರೆಯುವ ಪ್ರಮಾಣ ದೊಡ್ಡ ಬಂಡವಾಳದ ಉದ್ಯಮವನ್ನು ಪೋಷಿಸುವಷ್ಟಿಲ್ಲ ಎಂಬ ಎಚ್ಚರಿಕೆಯ ನಿಲುವು ಅವರದಾಗಿತ್ತು.

ಅಂತಹ ಎಚ್ಚರಿಕೆಗೆ ಆ ಕಾಲದಲ್ಲಿ ಬೆಲೆಯಿತ್ತು. 1880ರ ಸುಮಾರಿಗೆ ನೀಲಗಿರಿಯ ಪಕ್ಕದ ವೈನಾಡಿನಲ್ಲಿ ಚಿನ್ನದ ಭ್ರಮೆ ಹಬ್ಬಿ, ಲಂಡನ್ನಿನಲ್ಲಿ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಹುಟ್ಟಿಕೊಂಡವು. ಕಾಫಿ ತೋಟಗಳ ಜಮೀನು ಗಣಿಭೂಮಿಯ ಬೆಲೆಗೆ ಕೈಬದಲಾಯಿತು. ಕೆಲವೇ ವರ್ಷಗಳಲ್ಲಿ ಬಹುತೇಕ ಎಲ್ಲ ಕಂಪನಿಗಳೂ ಮುಚ್ಚಿದವು. ಇದಕ್ಕೆ ವ್ಯತಿರಿಕ್ತವಾಗಿ ಮೈಸೂರು ಸಂಸ್ಥಾನದ ಕೋಲಾರದಲ್ಲಿ, ಬಂಡವಾಳ ಮುಗಿಯುತ್ತಾ ಬಂದಿದ್ದ ಹೊತ್ತಿಗೆ, 1883ರ ಸುಮಾರಿಗೆ ಸಮೃದ್ಧವಾದ ಸಿರ ದೊರೆತು ಗಣಿಗಾರಿಕೆ ಸ್ಥಿರಗೊಂಡಿತು. ಒಂದು ಕಡೆ ಸೋಲು, ಇನ್ನೊಂದು ಕಡೆ ಗೆಲುವು ಏಕೆ ಎಂಬ ಪ್ರಶ್ನೆಗೆ ಶಿಲೆಗಳ ಸ್ವರೂಪದಿಂದಲೇ ಉತ್ತರ ಹುಡುಕಬೇಕಾಗಿತ್ತು.

ಫೂಟ್ 1882ರಲ್ಲಿ ಮೈಸೂರಿನ ಕೆಲವು ಚಿನ್ನದ ಪ್ರದೇಶಗಳ ಬಗೆಗೆ ಬರೆದರು. 1887ರಲ್ಲಿ ಮೈಸೂರು ಸರ್ಕಾರದ ಪರವಾಗಿ ಸಂಸ್ಥಾನದ ಚಿನ್ನದ ನೆಲೆಗಳನ್ನು ಸಂದರ್ಶಿಸಿ ವರದಿ ನೀಡಿದರು. ಈ ಪ್ರವಾಸಗಳ ಫಲವಾಗಿ, ಚಿನ್ನ ದೊರೆಯುವ ಸಿರಗಳು ಹೆಚ್ಚಾಗಿ ಒಂದು ನಿರ್ದಿಷ್ಟ ಪದರುಶಿಲೆಗಳ ಸಮೂಹದಲ್ಲೇ ಇವೆ ಎಂಬುದು ಅವರಿಗೆ ಮನದಟ್ಟಾಯಿತು. ಸುತ್ತಲಿನ ನೈಸ್ ಶಿಲೆಗಳಿಂದ ಅದನ್ನು ಬೇರ್ಪಡಿಸಿ 'ಧಾರವಾಡ ಶಿಲಾವರ್ಗ' ಎಂದು ಕರೆದರು. 1888ರಿಂದ ಪ್ರಕಟವಾದ ಲೇಖನಗಳಲ್ಲಿ ಈ ವರ್ಗದ ಪಟ್ಟಿಗಳನ್ನು ಕೋಲಾರ, ಡಂಬಳ–ಚಿಕ್ಕನಾಯಕನಹಳ್ಳಿ, ಧಾರವಾಡ–ಶಿವಮೊಗ್ಗ, ಸೊಂಡೂರು, ಪೆನ್ನಾರ್–ಹಗರಿ, ಮಸ್ಕಿ ಎಂಬ ಹೆಸರುಗಳಿಂದ ಗುರುತಿಸಿದರು. ಶೋಧಕರು ಎಲ್ಲಿ ಹುಡುಕಬೇಕು ಎಂಬುದಕ್ಕಿಂತಲೂ ಎಲ್ಲಿ ಹುಡುಕುವುದು ವ್ಯರ್ಥ ಎಂಬುದನ್ನು ಈ ವಿಂಗಡಣೆ ತಿಳಿಸಿತು.

ಭೂಮಿಯ ಒಡೆತನ ಮತ್ತು ಶೋಧನೆಯ ಅನುಮತಿ

ಫೂಟ್ ಅವರ ಕಾರ್ಯಕಾಲವು ನೆಲದ ಮೇಲಿನ ಹಕ್ಕು ಮತ್ತು ನೆಲದೊಳಗಿನ ಖನಿಜದ ಹಕ್ಕು ಎರಡೂ ಕಾನೂನಿನಲ್ಲಿ ಬೇರ್ಪಡುತ್ತಿದ್ದ ಕಾಲವಾಗಿತ್ತು. ಸರ್ವೇಕ್ಷಣ ಸಂಸ್ಥೆಯ ಅಧಿಕಾರಿ ಸರ್ಕಾರದ ನೌಕರನಾಗಿ ಹಳ್ಳಗಳ ದಂಡೆ, ಬಾವಿಗಳ ಗೋಡೆ, ಬಂಡೆಗಳ ನೆತ್ತಿ ಇವುಗಳನ್ನು ನೋಡುತ್ತಾ ನಡೆಯುವವನು. ಆತನು ನೆಲವನ್ನು ಪಡೆದುಕೊಳ್ಳುವವನಲ್ಲ. ಅದೇ ನೆಲವನ್ನು ಅಗೆದು ಖನಿಜವನ್ನು ಒಯ್ಯಬಯಸುವ ಖಾಸಗಿ ಶೋಧಕನ ಸ್ಥಿತಿ ಬೇರೆ. ಅವನು ಮೊದಲು ಯಾರನ್ನು ಕೇಳಬೇಕು ಎಂಬುದು ಆ ನೆಲ ಯಾವ ಬಗೆಯದು ಎಂಬುದನ್ನು ಅವಲಂಬಿಸಿತ್ತು.

ದಕ್ಷಿಣ ಮರಾಠಾ ಪ್ರದೇಶದಲ್ಲಿ ಮೂರು ಬಗೆಯ ನೆಲ ಒಂದರ ಪಕ್ಕದಲ್ಲೊಂದು ಇತ್ತು. ಸರ್ಕಾರಕ್ಕೆ ನೇರವಾಗಿ ಕಂದಾಯ ಕಟ್ಟುವ ರೈತವಾರಿ ಜಮೀನು ಮೊದಲನೆಯದು. ದೇವಸ್ಥಾನ, ಮಠ, ದೇಸಾಯಿ, ವತನದಾರರಿಗೆ ಬಿಟ್ಟುಕೊಟ್ಟ ಇನಾಂ ಗ್ರಾಮಗಳು ಎರಡನೆಯದು. ಸಂಸ್ಥಾನಿಕರ ಸೀಮೆ ಮೂರನೆಯದು. 1879ರ ಮುಂಬಯಿ ಭೂಕಂದಾಯ ಸಂಹಿತೆಯು ಇನಾಂ ಆಗಿ ಬಿಟ್ಟುಕೊಡದ ಎಲ್ಲ ಜಮೀನುಗಳಲ್ಲಿ ಗಣಿ ಹಾಗೂ ಖನಿಜಗಳ ಹಕ್ಕನ್ನು ಸರ್ಕಾರಕ್ಕೇ ಕಾಯ್ದಿರಿಸಿತು. ಹೀಗಾಗಿ ರೈತವಾರಿ ಹೊಲದ ಖಾತೆದಾರನು ಬೆಳೆಗೆ ಒಡೆಯನಾದರೂ ಅದರ ಅಡಿಯ ಚಿನ್ನಕ್ಕೆ ಒಡೆಯನಾಗಲಿಲ್ಲ. ಬಿಟ್ಟುಕೊಟ್ಟ ಜಮೀನಿನಲ್ಲಿ ಮಾತ್ರ ಸನದಿನ ಒಕ್ಕಣೆಯನ್ನು ನೋಡಬೇಕಾಗುತ್ತಿತ್ತು. ಸಂಸ್ಥಾನಗಳಲ್ಲಿ ಆಳುವವರ ಅನುಮತಿಯೇ ಮುಖ್ಯವಾಗಿತ್ತು.

ಮೈಸೂರಿನಲ್ಲಿ ಈ ಬಗೆಯ ಅನುಮತಿಯ ಪ್ರಸಿದ್ಧ ಉದಾಹರಣೆ ಮೈಕೆಲ್ ಲವೆಲ್ ಅವರದು. ಬೆಂಗಳೂರು ದಂಡುಪ್ರದೇಶದಲ್ಲಿ ನೆಲೆಸಿದ್ದ ಈ ನಿವೃತ್ತ ಸೈನಿಕ, ಕೋಲಾರದ ಚಿನ್ನದ ಕುರಿತು ಜಾನ್ ವಾರೆನ್ 1802ರಲ್ಲಿ ನಡೆಸಿದ ಪರಿಶೀಲನೆಯ ವರದಿಯನ್ನು ಓದಿ, 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಸಲ್ಲಿಸಿದರು. 1875ರಲ್ಲಿ ಅವರಿಗೆ ಇಪ್ಪತ್ತು ವರ್ಷಗಳ ಅವಧಿಯ ಹಕ್ಕು ದೊರೆಯಿತು. ಬಂಡವಾಳ ಸಾಲದೆ ಅವರು 1877ರ ಹೊತ್ತಿಗೆ ಅದನ್ನು ಸೇನಾಧಿಕಾರಿಗಳ ಒಂದು ಕೂಟಕ್ಕೆ ವರ್ಗಾಯಿಸಿದರು. ಅಲ್ಲಿ ಅನುಮತಿ ಕೊಟ್ಟದ್ದು ಸರ್ಕಾರ. ಹೊಲ, ಗೋಮಾಳಗಳನ್ನು ಬಳಸುತ್ತಿದ್ದ ಹಳ್ಳಿಗರ ಪಾತ್ರ ಈ ದಾಖಲೆಗಳಲ್ಲಿ ಹೆಚ್ಚು ಕಾಣಿಸುವುದಿಲ್ಲ.

ಭೂಮಿಯಲ್ಲಿ ದೊರೆಯುವ ಪ್ರಾಚೀನ ವಸ್ತುಗಳಿಗೆ ಬೇರೆ ನಿಯಮವಿತ್ತು. 1878ರ ಭಾರತೀಯ ನಿಧಿ ಕಾಯಿದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚಿನ ಬೆಲೆಯ ನಿಧಿ ದೊರೆತರೆ ಕಲೆಕ್ಟರರಿಗೆ ತಿಳಿಸಬೇಕು. ದೊರಕಿಸಿಕೊಂಡವನಿಗೂ ಜಮೀನಿನ ಒಡೆಯನಿಗೂ ಬೇರೆ ಒಪ್ಪಂದವಿಲ್ಲದಿದ್ದರೆ ಮೊದಲನೆಯವನಿಗೆ ಮುಕ್ಕಾಲು ಪಾಲು, ಒಡೆಯನಿಗೆ ಕಾಲು ಪಾಲು. ಫೂಟ್ ಆರಿಸಿದ ಕಲ್ಲಿನ ಉಪಕರಣಗಳಿಗೆ ಪೇಟೆಯಲ್ಲಿ ಬೆಲೆಯಿರಲಿಲ್ಲ. ರೈತರು ಉಳುವಾಗ ಅಡ್ಡಬಂದ ಕಲ್ಲುಗಳೆಂದು ಬದುವಿಗೆ ಎಸೆದವೂ, ನಯಮಾಡಿದ ಕೊಡಲಿಗಳನ್ನು ಮರದ ಬುಡದಲ್ಲಿಟ್ಟು ಪೂಜಿಸುತ್ತಿದ್ದವೂ ದಕ್ಷಿಣ ಭಾರತದಲ್ಲಿ ಸಾಮಾನ್ಯವಾಗಿದ್ದವು. ಅವುಗಳಿಗೆ ವೈಜ್ಞಾನಿಕ ಮೌಲ್ಯವಿದೆ ಎಂಬ ಅರಿವು ಹರಡಿದ ಮೇಲೆಯೇ ಸಂರಕ್ಷಣೆಯ ಕಾನೂನುಗಳು ಬಂದವು.

ಈ ಪ್ರಶ್ನೆಗಳು ಫೂಟ್ ಅವರ ನಂತರವೂ ಮುಗಿಯಲಿಲ್ಲ. ಸ್ವತಂತ್ರ ಭಾರತದಲ್ಲಿ ಗಣಿ ಮತ್ತು ಖನಿಜಗಳನ್ನು 1957ರ ಕಾಯಿದೆ ನಿಯಂತ್ರಿಸುತ್ತದೆ. ಅದರ ಪ್ರಕಾರ ಪರವಾನಗಿ ಪಡೆದವರು ಜಮೀನನ್ನು ಪ್ರವೇಶಿಸಬಹುದಾದರೂ, ಮನೆ ಅಥವಾ ಮನೆಗೆ ಸೇರಿದ ಆವರಣ, ತೋಟಗಳನ್ನು ವಾಸಿಸುವವರ ಒಪ್ಪಿಗೆಯಿಲ್ಲದೆ ಪ್ರವೇಶಿಸಬೇಕಾದರೆ ಕನಿಷ್ಠ ಏಳು ದಿನಗಳ ಲಿಖಿತ ಸೂಚನೆ ನೀಡಬೇಕು. ಮೇಲ್ಮೈಗೆ ಆದ ನಷ್ಟಕ್ಕೆ ಪರಿಹಾರವನ್ನೂ ಕೊಡಬೇಕು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಲಬಾರಿನ ಜನ್ಮಂ ಭೂಮಿಗಳಿಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ, ಕಾನೂನಿನ ಮೂಲಕ ಕಸಿದುಕೊಳ್ಳದ ಹೊರತು ಭೂಗರ್ಭದ ಹಕ್ಕು ಸಾಮಾನ್ಯವಾಗಿ ಭೂಮಿಯ ಒಡೆತನವನ್ನೇ ಅನುಸರಿಸುತ್ತದೆ ಎಂದು ತೀರ್ಪು ನೀಡಿತು. ವೈನಾಡು ಹಿಂದೆ ಮಲಬಾರ್ ಜಿಲ್ಲೆಯ ಭಾಗವಾಗಿತ್ತೆಂಬುದು ಇಲ್ಲಿ ಗಮನಾರ್ಹ. ಫೂಟ್ ಪರೀಕ್ಷಿಸಿದ ಕಪ್ಪತಗುಡ್ಡದಲ್ಲಿ ಗಣಿಗಾರಿಕೆಗೆ ಜನರ ವಿರೋಧ ದೀರ್ಘಕಾಲ ನಡೆಯಿತು. 2019ರಲ್ಲಿ ಅದನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು.

ಬಳ್ಳಾರಿ ಮತ್ತು ಕರ್ನೂಲು

ಫೂಟ್ ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತು ಬರೆದ ದೊಡ್ಡ ಗ್ರಂಥ 1895ರಲ್ಲಿ ಪ್ರಕಟವಾಯಿತು. ಸೊಂಡೂರು ಬೆಟ್ಟಗಳ ಸಮೃದ್ಧ ಕಬ್ಬಿಣದ ಅದಿರನ್ನು ಅವರು ಇದರಲ್ಲಿ ವಿವರಿಸಿದ್ದಾರೆ. ಆಗ ಅದನ್ನು ಕರಗಿಸಲು ಬೇಕಾದ ಇಂಧನ ಹತ್ತಿರವಿರಲಿಲ್ಲ. ಒಂದು ಶತಮಾನದ ಬಳಿಕ ಅದೇ ಬೆಟ್ಟಗಳ ಅಕ್ರಮ ಗಣಿಗಾರಿಕೆ ದೇಶವ್ಯಾಪಿ ಚರ್ಚೆಗೆ ಕಾರಣವಾಗಿ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸಬೇಕಾಯಿತು.

ಬಳ್ಳಾರಿಯ ಸಮೀಪದ ಸಂಗನಕಲ್ಲು–ಕಪ್ಪಗಲ್ಲು ಬೆಟ್ಟಗಳಲ್ಲಿ ಅವರು ನವಶಿಲಾಯುಗದ ಕಲ್ಲಿನ ಕೊಡಲಿಗಳನ್ನು ತಯಾರಿಸುತ್ತಿದ್ದ ವಿಶಾಲ ನೆಲೆಯನ್ನು ಗುರುತಿಸಿದರು. ಅರ್ಧ ಮಾಡಿ ಬಿಟ್ಟ ಕೊಡಲಿಗಳು, ಚೆಕ್ಕೆಗಳು, ಉಜ್ಜಿ ನಯಮಾಡಿದ ಗುರುತುಗಳಿರುವ ಬಂಡೆಗಳು ಅಲ್ಲಿ ಒಟ್ಟಿಗೆ ಇದ್ದವು. ಈ ಭಾಗದ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ಶೇಖರವಾದ ಸಗಣಿ ಸುಟ್ಟು ಉಂಟಾದವು ಎಂಬುದು ಅವರ ಅಭಿಪ್ರಾಯವಾಗಿತ್ತು. ಬೇರೆ ವಿದ್ವಾಂಸರು ಅವನ್ನು ಯಜ್ಞ ಅಥವಾ ದಹನದ ಅವಶೇಷಗಳೆಂದು ಭಾವಿಸಿದ್ದರು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ರೇಮಂಡ್ ಆಲ್ಚಿನ್ ಉಟ್ನೂರಿನಲ್ಲಿ ನಡೆಸಿದ ಉತ್ಖನನವು ಫೂಟ್ ಅವರ ಊಹೆಯನ್ನು ಬೆಂಬಲಿಸಿತು.

ಕರ್ನೂಲು ಜಿಲ್ಲೆಯ ಬಿಲ್ಲಾಸುರ್ಗಂ ಗುಹೆಗಳಲ್ಲಿ 1884–85ರಲ್ಲಿ ತಂದೆ–ಮಗ ಉತ್ಖನನ ನಡೆಸಿ ಅಪಾರ ಸಂಖ್ಯೆಯ ಪ್ರಾಣಿಗಳ ಎಲುಬುಗಳನ್ನು ಸಂಗ್ರಹಿಸಿದರು. ಅವುಗಳನ್ನು ರಿಚರ್ಡ್ ಲಿಡೆಕ್ಕರ್ ಅಧ್ಯಯನ ಮಾಡಿದರು. ಅದರಲ್ಲಿಯೂ ಖಡ್ಗಮೃಗದ ಅವಶೇಷಗಳಿದ್ದುದು ಗೋಕಾಕದ ಶೋಧಕ್ಕೆ ಪೂರಕವಾಯಿತು.

ಬರೋಡಾ ಮತ್ತು ಮೈಸೂರು ಸೇವೆ

1891ರಲ್ಲಿ ಫೂಟ್ ಸರ್ವೇಕ್ಷಣ ಸಂಸ್ಥೆಯಿಂದ ನಿವೃತ್ತರಾದರು. ಬಳಿಕ ಬರೋಡಾ ಸಂಸ್ಥಾನದ ಭೂವಿಜ್ಞಾನಿಯಾಗಿ ಕೆಲಸಮಾಡಿದರು. ಸಾಬರಮತಿ ನದಿಯ ದಂಡೆಯಲ್ಲಿ ಅವರು ಕಂಡ ಉಪಕರಣಗಳು ಗುಜರಾತಿನಲ್ಲಿ ಹಳೆಯ ಶಿಲಾಯುಗದ ಅಸ್ತಿತ್ವವನ್ನು ತೋರಿಸಿದವು. ಬರೋಡಾದ ಭೂರಚನೆಯ ಕುರಿತ ಅವರ ಗ್ರಂಥ 1898ರಲ್ಲಿ ಹೊರಬಂದಿತು.

1894ರಲ್ಲಿ ಮೈಸೂರು ಸರ್ಕಾರ ತನ್ನದೇ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದಾಗ ಫೂಟ್ ಅದರ ಮುಖ್ಯಸ್ಥರಾದರು. ಕೋಲಾರದ ಗೆಲುವಿನ ನಂತರ ಸಂಸ್ಥಾನದ ಇತರ ಭಾಗಗಳಲ್ಲಿ ಖನಿಜ ಶೋಧನೆಗೆ ಅವಕಾಶ ಕೋರುವವರು ಹೆಚ್ಚಿದ್ದರು. ಯಾವ ನೆಲದಲ್ಲಿ ಏನಿದೆ ಎಂಬ ಸ್ವತಂತ್ರ ತಿಳಿವಳಿಕೆ ಸರ್ಕಾರದ ಬಳಿ ಇಲ್ಲದಿದ್ದರೆ ಅರ್ಜಿದಾರರ ಮಾತನ್ನೇ ನಂಬಬೇಕಾಗುತ್ತಿತ್ತು. ಅರವತ್ತರ ವಯಸ್ಸಿನ ಫೂಟ್ ಸಂಸ್ಥಾನದ ಉದ್ದಗಲಕ್ಕೂ ಹಲವು ಅಡ್ಡಹಾದಿಗಳಲ್ಲಿ ಸಂಚರಿಸಿ ಟಿಪ್ಪಣಿಗಳನ್ನು ಸಿದ್ಧಪಡಿಸಿದರು. ಇವು ಇಲಾಖೆಯ ಮೊದಲ ಸಂಪುಟದಲ್ಲಿ ಸೇರಿದವು. 1897ರಲ್ಲಿ ಅವರು ಈ ಹುದ್ದೆಯಿಂದ ನಿರ್ಗಮಿಸಿದರು. ಅವರ ನಂತರ ಡಬ್ಲ್ಯು. ಎಫ್. ಸ್ಮೀತ್ ಇಲಾಖೆಯನ್ನು ಮುನ್ನಡೆಸಿದರು. ಇಂದಿನ ಕರ್ನಾಟಕದ ಗಣಿ ಮತ್ತು ಭೂವಿಜ್ಞಾನ ಇಲಾಖೆ ಈ ಸಂಸ್ಥೆಯಿಂದಲೇ ಬೆಳೆದುಬಂದಿದೆ.

ಸಂಗ್ರಹ ಮತ್ತು ಕೊನೆಯ ವರ್ಷಗಳು

ನಿವೃತ್ತಿಯ ಬಳಿಕ ಫೂಟ್ ಸೇಲಂ ಬಳಿಯ ಶೆವರಾಯ್ ಬೆಟ್ಟದ ಯೆರ್ಕಾಡಿನಲ್ಲಿ ನೆಲೆಸಿದರು. ನಾಲ್ಕು ದಶಕಗಳ ಕಾಲ ನಾನೂರಕ್ಕೂ ಹೆಚ್ಚು ನೆಲೆಗಳಿಂದ ಕೂಡಿಸಿದ ಪ್ರಾಚೀನ ವಸ್ತುಗಳ ಸಂಗ್ರಹವನ್ನು ಅವರು 1904ರಲ್ಲಿ ಮದರಾಸು ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಮಾರಿದರು. ಹೀಗಾಗಿ ಕರ್ನಾಟಕದ ಅನೇಕ ನೆಲೆಗಳ ಮೊದಲ ಉಪಕರಣಗಳು ಇಂದು ಚೆನ್ನೈನ ಎಗ್ಮೋರಿನಲ್ಲಿವೆ. ಪ್ರತಿಯೊಂದು ವಸ್ತುವಿನ ನೆಲೆ, ಶಿಲೆ, ಆಕಾರಗಳನ್ನು ದಾಖಲಿಸಿದ ವಿವರಣಾತ್ಮಕ ಪಟ್ಟಿ 1914ರಲ್ಲಿಯೂ ಅವುಗಳ ಕಾಲ ಹಾಗೂ ಹಂಚಿಕೆಯ ಕುರಿತ ಸಂಪುಟ 1916ರಲ್ಲಿಯೂ ಪ್ರಕಟವಾದವು. ಹಳೆಯ ಶಿಲಾಯುಗ, ನವಶಿಲಾಯುಗ, ಆರಂಭಿಕ ಕಬ್ಬಿಣಯುಗ ಮತ್ತು ನಂತರದ ಕಬ್ಬಿಣಯುಗ ಎಂಬ ವಿಂಗಡಣೆಯನ್ನು ಅವರು ಇಲ್ಲಿ ಅನುಸರಿಸಿದ್ದಾರೆ. ಹಳೆಯ ಮತ್ತು ಹೊಸ ಶಿಲಾಯುಗಗಳ ನಡುವೆ ದೀರ್ಘವಾದ ಬಿಡುವು ಇತ್ತೆಂಬ ಅವರ ಅಭಿಪ್ರಾಯವನ್ನು ಮುಂದಿನ ಸಂಶೋಧನೆಗಳು ಒಪ್ಪಲಿಲ್ಲ. ನಡುವಣ ಹಂತಗಳ ನೆಲೆಗಳು ಅನಂತರ ಹೇರಳವಾಗಿ ದೊರೆತವು.

ಈ ಎರಡೂ ಸಂಪುಟಗಳು ಅಚ್ಚಾಗಿ ಬರುವುದನ್ನು ಫೂಟ್ ಕಾಣಲಿಲ್ಲ. 1912ರ ಡಿಸೆಂಬರ್ 29ರಂದು ಅವರು ಕಲ್ಕತ್ತೆಯಲ್ಲಿ ನಿಧನರಾದರು. ಯೆರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಅವರ ಸ್ಮಾರಕವಿದೆ.

ಮಹತ್ವ

ಫೂಟ್ ಅವರ ಬರಹಗಳ ವಿಶೇಷವೆಂದರೆ ಭೂವಿಜ್ಞಾನ ಮತ್ತು ಪುರಾತತ್ತ್ವ ಎರಡನ್ನೂ ಅವರು ಬೇರ್ಪಡಿಸದಿದ್ದುದು. ಕಲ್ಲಿನ ಉಪಕರಣ ಯಾವ ಪದರದಲ್ಲಿತ್ತು, ಆ ಪದರ ಹೇಗೆ ಉಂಟಾಯಿತು, ಉಪಕರಣದ ಶಿಲೆ ಎಲ್ಲಿಂದ ಬಂತು ಎಂಬ ಪ್ರಶ್ನೆಗಳನ್ನು ಅವರು ಪ್ರತಿ ನೆಲೆಯಲ್ಲೂ ಕೇಳಿದರು. ಆದ್ದರಿಂದ ಒಂದೂವರೆ ಶತಮಾನದ ನಂತರವೂ ಅವರ ಟಿಪ್ಪಣಿಗಳ ಆಧಾರದಿ��ದ ಸಂಶೋಧಕರು ಅದೇ ಸ್ಥಳಗಳನ್ನು ಮತ್ತೆ ಗುರುತಿಸಬಲ್ಲರು. ಧಾರವಾಡ ಶಿಲಾವರ್ಗದ ಪರಿಕಲ್ಪನೆಯನ್ನು ನಂತರದ ವಿಜ್ಞಾನಿಗಳು ಬಹಳಷ್ಟು ಪರಿಷ್ಕರಿಸಿದ್ದಾರೆ. ಕೋಲಾರದ ಪಟ್ಟಿಯನ್ನು ಧಾರವಾಡದ ಪಟ್ಟಿಗಳಿಗಿಂತ ಭಿನ್ನವೆಂದು ಪರಿಗಣಿಸುವುದೂ ಉಂಟು. ಆದರೂ ದಕ್ಷಿಣ ಭಾರತದ ಆದಿಕಾಲದ ಶಿಲೆಗಳ ಚರ್ಚೆ ಅವರು ಇಟ್ಟ ಹೆಸರಿನಿಂದಲೇ ಆರಂಭವಾಗುತ್ತದೆ.

ಬೆಳಗಾವಿ ಜಿಲ್ಲೆಯ ಮಟ್ಟಿಗೆ ಅವರ ಕೆಲಸಕ್ಕೆ ಇನ್ನೊಂದು ಬೆಲೆಯೂ ಇದೆ. ಹಿಡಕಲ್ ಜಲಾಶಯದ ಹಿನ್ನೀರು ಘಟಪ್ರಭೆಯ ಮೇಲ್ಕಣಿವೆಯ ಒಂದು ಭಾಗವನ್ನು ಮುಳುಗಿಸಿದೆ. ಕಾಲುವೆ ನೀರಾವರಿಯಿಂದ ಗೋಕಾಕ, ಮೂಡಲಗಿ ಭಾಗದ ಹಳೆಯ ಬಯಲುಗಳು ಕಬ್ಬಿನ ಗದ್ದೆಗಳಾಗಿ ಮಾರ್ಪಟ್ಟಿವೆ. ಆ ಬದಲಾವಣೆಗಳಿಗೆ ಮೊದಲು ನದಿಯ ದಂಡೆಗಳು, ಮೆಕ್ಕಲಿನ ಪದರಗಳು ಮತ್ತು ಬಂಡೆಗಳು ಹೇಗಿದ್ದವೆಂಬ ವ್ಯವಸ್ಥಿತ ದಾಖಲೆಯಾಗಿ 1876ರ ಗ್ರಂಥವು ಉಳಿದಿದೆ.